ಟೈ ಕಟ್ಟಿದ ಅಪ್ಪ

ಮಕ್ಕಳಿರುವ ಮನೆಯಲ್ಲಿ ದೊಡ್ಡವರ ಮರ್ಯಾದೆ ಯಾವಾಗ ಹೋಗುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ನನ್ನದು ಕಂತು ಕಂತಾಗಿ ಹೋಯಿತು.

ಎಪ್ಪತ್ತರ ದಶಕದ ಕೊನೆ. ನಾನು ಬಲ್ಮಠದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವನು. ಕೆಲಸ ಮಧ್ಯಾಹ್ನದ ಮೇಲೆ. ಹೆಂಡತಿ ನರ್ಸ್, ಬೆಳಿಗ್ಗೆ ಆರೂವರೆಗೇ ಬಸ್ಸು ಹತ್ತುವವಳು. ಹಾಗಾಗಿ ಮಗಳ ಜಡೆ, ದೋಸೆ, ನರ್ಸರಿ ಎಲ್ಲ ನನ್ನ ಪಾಲಿಗೆ. ಐದು ವರ್ಷದ ಅವಳಿಗೆ ಒಂದು ದಿನ ನಮ್ಮಲ್ಲೇ ಅಚ್ಚಾದ ಚಿತ್ರದ ಪುಸ್ತಕ ತಂದುಕೊಟ್ಟೆ. ಅದರಲ್ಲಿ ಹಳದಿ ಸೀರೆಯ ಅಮ್ಮ ದೋಸೆ ಹೊಯ್ಯುತ್ತಾಳೆ, ಟೈ ಕಟ್ಟಿದ ಅಪ್ಪ ಬ್ಯಾಗು ಹಿಡಿದು ಆಫೀಸಿಗೆ ಹೋಗುತ್ತಾನೆ. ಆ ಅಕ್ಷರ ಜೋಡಿಸಿದ ಪಾಪಿ ನಾನೇ.

೧

ಮಗಳು ಚಿತ್ರದ ಮೇಲೆ ಬೆರಳಿಟ್ಟು, “ಇದು ಯಾರು?” ಎಂದಳು.

“ಅಪ್ಪ.”

“ನೀನು?”

“ನಾನೂ ಅಪ್ಪನೇ.”

“ಸುಳ್ಳು. ಅಪ್ಪ ದೋಸೆ ಹೊಯ್ಯುವುದಿಲ್ಲ.”

“ಹಾಗಾದರೆ ನಾನು ಯಾರು?”

ಅವಳು ಪುಸ್ತಕವನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು. ಕೊನೆಗೆ ಪಾಪ ಕಂಡಿರಬೇಕು. “ನೀನು ಒಳ್ಳೆಯವ,” ಎಂದಳು.

೨

ಒಂದು ದಿನ ನರ್ಸರಿಯ ಹೊಸ ಟೀಚರ್ ಗೇಟಿನಲ್ಲಿ ನನ್ನನ್ನು ನಿಲ್ಲಿಸಿದರು.

“ಮಗುವಿನ ತಂದೆ ಒಮ್ಮೆಯೂ ಬರುವುದಿಲ್ಲವಲ್ಲ? ಟೈ ಕಟ್ಟಿಕೊಂಡು ಆಫೀಸಿಗೆ ಹೋಗ್ತಾರೆ ಅಂತ ಹೇಳ್ತಾಳೆ. ನಿಮ್ಮ ದೋಸೆಯನ್ನು ಮಾತ್ರ ಭಾರೀ ಹೊಗಳ್ತಾಳೆ ಮಾರಾಯ್ರೆ!”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಸ್ವರ ತಗ್ಗಿಸಿದರು. “ಬರುವ ವಾರ ನನ್ನ ತಂಗಿಯ ಮಗುವಿಗೆ ನಾಮಕರಣ ಉಂಟು. ಐವತ್ತು ಜನಕ್ಕೆ ಅಡುಗೆ ಮಾಡ್ತೀರಾ?”

೩

ನಮ್ಮ ಪಕ್ಕದ ಮನೆಯವನು ಮೆಡಿಕಲ್ ರೆಪ್. ಟೈ, ಬ್ಯಾಗು, ಸ್ಕೂಟರ್, ಎಲ್ಲವೂ ಉಂಟು. ಪುಸ್ತಕ ಬಂದ ಮೇಲೆ ಮಗಳು ದಿನಾ ಬೆಳಿಗ್ಗೆ ದೋಸೆ ಅರ್ಧಕ್ಕೆ ಬಿಟ್ಟು ಓಡಿ ಅವನಿಗೆ ಟಾಟಾ ಮಾಡುತ್ತಿದ್ದಳು. ಅವನೂ ಕೈ ಬೀಸುತ್ತಿದ್ದ. ಒಳ್ಳೆಯ ಮನುಷ್ಯ; ಹೊಟ್ಟೆ ಉರಿಯಲಿಕ್ಕೆ ಅಷ್ಟು ಸಾಕಲ್ಲ! ಹೆತ್ತವನು ನಾನು, ಟಾಟಾ ಅವನಿಗೆ.

ತಡೆಯಲಾರದೆ ಒಂದು ಭಾನುವಾರ ಸ್ನೇಹಿತನ ಟೈ ತಂದು ಬನಿಯನ್ನಿನ ಮೇಲೆ ಕಟ್ಟಿಕೊಂಡು ಕಾವಲಿಯ ಮುಂದೆ ನಿಂತೆ. ಬಗ್ಗಿದ ಕೂಡಲೇ ಅದರ ತುದಿ ಹಿಟ್ಟಿಗೆ ಬಿತ್ತು. ಮಗಳು ತಿರುಗಿಯೂ ನೋಡಲಿಲ್ಲ. ರಜೆಯಲ್ಲಿದ್ದ ಹೆಂಡತಿ ನೋಡಿದಳು.

“ಎಂತ ಇದು? ದೋಸೆಗೆ ಇಂಟರ್‌ವ್ಯೂ ಉಂಟಾ?”

೪

ಅಷ್ಟರಲ್ಲಿ ಆ ಪುಸ್ತಕ ಮರುಮುದ್ರಣಕ್ಕೆ ಬಂತು. ಮೊಳೆಗಳು ನನ್ನ ಕೈಯಲ್ಲಿ, ಹೊಟ್ಟೆಕಿಚ್ಚು ಹೊಟ್ಟೆಯಲ್ಲಿ. ಯಾರಿಗೂ ತಿಳಿಯದ ಹಾಗೆ ಸಾಲುಗಳನ್ನು ಬದಲಿಸಿ ಒಂದೇ ಒಂದು ಪ್ರೂಫ್ ತೆಗೆದೆ. ಮತ್ತೆ ಎಲ್ಲ ಮೊದಲಿನಂತೆ ಜೋಡಿಸಿಟ್ಟೆ. ಆ ಹಾಳೆಯನ್ನು ಮನೆಗೆ ತಂದು ಮಗಳಿಗೆ ಗತ್ತಿನಿಂದ ಓದಿದೆ: “ಅಪ್ಪ ದೋಸೆ ಹೊಯ್ಯುತ್ತಾನೆ. ಅಮ್ಮ ಕೆಲಸಕ್ಕೆ ಹೋಗುತ್ತಾಳೆ.”

ಆದರೆ ಅಕ್ಷರ ಬದಲಿಸಬಹುದು, ಚಿತ್ರದ ಬ್ಲಾಕ್ ಬದಲಿಸುವುದು ಹೇಗೆ? ಮಗಳು ಚಿತ್ರವನ್ನು ಚೆನ್ನಾಗಿ ನೋಡಿಕೊಂಡಳು. ಮರುದಿನ ಬೆಳಿಗ್ಗೆ ಅಮ್ಮ ಬಸ್ಸು ಹತ್ತಿದ್ದೇ ತಡ, ಅವಳ ಹಳದಿ ಸೀರೆಯನ್ನು ಎಳೆದುಕೊಂಡು ಅಡುಗೆಮನೆಗೆ ಬಂದಳು.

“ಉಡು. ಅಪ್ಪ ದೋಸೆ ಹೊಯ್ಯುವುದು ಸೀರೆ ಉಟ್ಟು. ಪುಸ್ತಕದಲ್ಲಿ ಉಂಟು.”

ಹೊಟ್ಟೆಕಿಚ್ಚಿಗೆ ನಾಚಿಕೆ ಎಲ್ಲಿ? ಲುಂಗಿಯ ಮೇಲೆಯೇ ಸುತ್ತಿಕೊಂಡೆ. ಪಕ್ಕದ ಮನೆಯ ಸ್ಕೂಟರ್ ಶುರುವಾಯಿತು. ಮಗಳು ಕೂತಲ್ಲಿಂದ ಏಳಲಿಲ್ಲ. ಆ ಸ್ಕೂಟರಿನ ಸದ್ದು ನನಗೆ ಅಷ್ಟು ಇಂಪಾಗಿ ಕೇಳಿಸಿದ್ದು ಅದೇ ಮೊದಲು.

ಆಗಲೇ ಮೀನು ಮಾರುವವಳು ಹಿಂಬಾಗಿಲಿಗೆ ಬಂದು ನನ್ನ ಬೆನ್ನು ನೋಡಿ, “ಅಕ್ಕಾ, ಬಂಗುಡೆ ಬೋಡಾ?” ಎಂದು ತುಳುವಿನಲ್ಲಿ ಮೀನು ಬೇಕಾ ಕೇಳಿದಳು. ನಾನು ತಿರುಗಿದೆ. ಸೆರಗಿನ ಮೇಲೆ ನನ್ನ ದಪ್ಪ ಮೀಸೆ ಕಂಡು ಅವಳು ಬುಟ್ಟಿಯೊಂದಿಗೆ ಅಲ್ಲೇ ಕುಸಿದು ಕೂತಳು.

ಮಗಳಿಗೆ ಸಿಟ್ಟು ಬಂತು. ಎದ್ದು ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಅಕ್ಕ ಅಲ್ಲ! ಅದು ನನ್ನ ಅಪ್ಪ!”