ಪೇಂಟರ್ ಮೀನು ಮಾಡಿದ್ದು

ಹೆಂಡತಿ: ಒಲೆ ಮೇಲಿರೋದು ಬಾಣಲೆ ಕಣ್ರೀ, ಬಣ್ಣದ ಡಬ್ಬ ಅಲ್ಲ. ಅದ್ಯಾಕೆ ಹಾಗೆ ತಿರುವ್ತಾ ಇದ್ದೀರಾ?

ಪೇಂಟರ್: ನೀನು ಸುಮ್ನಿರು. ಸಕ್ಕರೆ ಕರಗಿ ಕೆಂಪಗಾಗ್ಬೇಕು. ಆ ಮನೆಯಮ್ಮ ಹೀಗೇ ಮಾಡಿದ್ರು.

ಆ ಮನೆಯಮ್ಮನ ಮಾತು ಬಂದರೆ ಸಾಕು, ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರದೋ ಮನೆಗೆ ಬಣ್ಣ ಹೊಡೆಯಲು ಹೋದ ಗಂಡ ಅಲ್ಲಿ ಸುಟ್ಟ ಸಕ್ಕರೆಯ ಪಾಕದಲ್ಲಿ ಬೇಯಿಸಿದ ಮೀನು ತಿಂದು ಬಂದಿದ್ದ. ಅಂದಿನಿಂದ ಇವಳು ಮಾಡಿದ ಮೀನು ಮೀನೇ ಅಲ್ಲ. ಮೊದಲೂ ಅಷ್ಟೇ, ತಟ್ಟೆ ಮುಂದೆ ಕೂತು ಒಂದು ಕೊಂಕು ತೆಗೆಯದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ರೋಸಿಹೋಗಿ ಅವಳು ಸೌಟನ್ನು ಅವನ ಕೈಗೇ ಕೊಟ್ಟು ಪಂದ್ಯ ಕಟ್ಟಿದ್ದಳು. ಅತ್ತೆ ತಿಂದು ಚೆನ್ನಾಗಿದೆ ಅಂದರೆ ಅವನು ಗೆದ್ದಂತೆ, ಊಟಕ್ಕೆ ಕೂತಾಗ ಏನು ಬೇಕಾದರೂ ಅನ್ನಲಿ. ಇಲ್ಲವಾದರೆ ಬದುಕಿರುವವರೆಗೂ ಹಾಕಿದ್ದನ್ನು ತುಟಿ ಬಿಚ್ಚದೆ ತಿಂದು ಏಳಬೇಕು. ತೀರ್ಪು ಹೇಳಬೇಕಾದವರು ಅವನನ್ನು ಹೆತ್ತ ತಾಯಿ ಎನ್ನುವುದೊಂದೇ ಅವಳಿಗಿದ್ದ ಹೆದರಿಕೆ.

ಸಕ್ಕರೆ ಕೆಂಪಗಾಯಿತು. ಪೇಂಟರ್ ಬಾಣಲೆ ಎತ್ತಿಕೊಂಡು ಕಿಟಕಿಯ ಕಡೆ ನಡೆದ.

ಹೆಂಡತಿ: ಮೆರವಣಿಗೆ ಎಲ್ಲಿಗೆ?

ಪೇಂಟರ್: ಬಣ್ಣ ನೋಡೋಕೆ ಹಗಲು ಬೆಳಕು ಬೇಕು. ಬಲ್ಬಿನ ಕೆಳಗೆ ಎಲ್ಲಾ ಬಣ್ಣಾನೂ ಸುಳ್ಳು.

ಬಾಣಲೆಯನ್ನು ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಗೋಡೆ ನೋಡುವ ಹಾಗೆ ನೋಡಿದ. ಒಲೆಯಿಂದ ಇಳಿಸಿದ ಮಾತ್ರಕ್ಕೆ ಬಾಣಲೆಯ ಕಾವು ಆರುತ್ತದೆಯೇ? ಅವನು ತಲೆದೂಗುವಷ್ಟರಲ್ಲಿ ಸಕ್ಕರೆ ಕರ್ರಗಾಗಿ ಹೊಗೆ ಎದ್ದಿತು. ಎರಡನೆಯ ಸಲ ಬೇಗ ಇಳಿಸಿದ. ಈ ಸಲ ಕಿಟಕಿಯ ಗಾಳಿಗೆ ಪಾಕವೆಲ್ಲ ಗಟ್ಟಿಯಾಗಿ ತಳಕ್ಕೆ ಕಚ್ಚಿಕೊಂಡಿತು.

ಹೆಂಡತಿ: ಮೊದಲ್ನೇದು ಡಾಂಬರು, ಎರಡ್ನೇದು ಗಾಜು. ಮೀನು ಯಾವಾಗ ಮಾಡ್ತೀರಾ?

ಪೇಂಟರ್: ಒಂದೇ ಕೋಟಿಂಗಿಗೆ ಯಾವ ಗೋಡೆ ಬಣ್ಣ ಹಿಡಿಯತ್ತೆ?

ಹೆಂಡತಿ: ಗೋಡೆಗೆ ಹಸಿವಾಗಲ್ಲ. ಅಲ್ಲಿ ನಿಮ್ಮಮ್ಮ ತಟ್ಟೆ ಹಿಡ್ಕೊಂಡು ಕೂತಿದ್ದಾರೆ.

ಮೂರನೆಯ ಸಲ ಅವಳೇ ಹೋಗಿ ಕಿಟಕಿಗೆ ಅಡ್ಡ ನಿಂತಳು. ಗಂಡನ ಮೇಲಿನ ಪ್ರೀತಿಗಲ್ಲ, ಸಕ್ಕರೆ ಡಬ್ಬದ ಮೇಲಿನ ಕನಿಕರಕ್ಕೆ. ಹೋಗಲು ದಾರಿಯಿಲ್ಲದೆ ಅವನು ಗೊಣಗಿಕೊಂಡು ಅಲ್ಲೇ ನೀರು ಸುರಿದ. ಸೋಯಾ ಸಾಸ್, ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ಮೀನಿನ ತುಂಡುಗಳನ್ನು ಬಿಟ್ಟ. ಪಾಕ ಕುದಿದು ಮಂದವಾಗಿ ಮೀನಿಗೆ ಹೊಳೆಹೊಳೆಯುತ್ತ ಹತ್ತಿಕೊಂಡಿತು. ಘಮ ಎಂಥದ್ದೆಂದರೆ ಅವಳ ಬಾಯಲ್ಲೂ ನೀರೂರಿತು. ತನ್ನ ನಾಲಿಗೆಯ ಮೇಲೇ ಅವಳಿಗೆ ಸಿಟ್ಟು ಬಂತು.

ಅತ್ತೆ ಒಂದು ತುಂಡು ತಿಂದರು. ಇನ್ನೊಂದು ತುಂಡು ಹಾಕಿಸಿಕೊಂಡರು. ಬೆರಳು ಚೀಪಿದರು. ತನ್ನ ಕಥೆ ಮುಗಿಯಿತು ಅಂದುಕೊಂಡಳು ಹೆಂಡತಿ.

ಅತ್ತೆ: ಮಗಾ, ಇಷ್ಟು ವರ್ಷದಲ್ಲಿ ನಾನು...

ಅಷ್ಟರಲ್ಲಿ ಪೇಂಟರ್ ಮೊದಲ ತುತ್ತು ಬಾಯಿಗಿಟ್ಟ. ಇಟ್ಟವನೇ ಎಂದಿನಂತೆ ಮೂಗು ಮುರಿದ.

ಪೇಂಟರ್: ಉಪ್ಪು ಕಮ್ಮಿ. ಇನ್ನೂ ಬೇಯ್ಬೇಕಿತ್ತು. ಇದನ್ನ ಮೀನು ಅಂತಾರಾ?

ಅಗಿಯುತ್ತಿದ್ದ ಬಾಯಿ ನಿಂತಿತು. ತಾನು ಏನಂದೆ ಎನ್ನುವುದು ಆಗ ಅವನ ತಲೆಗೆ ಹೋಯಿತು.

ಅತ್ತೆ: ಮಾಡಿದೋನೇ ಹಾಗಂದ ಮೇಲೆ ನಾನೇನು ಹೇಳ್ಲಪ್ಪಾ?

ಹೆಂಡತಿ ಅವನ ತಟ್ಟೆಗೆ ಇನ್ನೊಂದು ತುಂಡು ಬಡಿಸಿದಳು.

ಹೆಂಡತಿ: ತುಂಬಾ ಚೆನ್ನಾಗಿದೆ ಕಣ್ರೀ. ಬಾಯಿ ಮುಚ್ಕೊಂಡು ತಿನ್ನಿ.