ಮಾಸ್ತರರ ಕಾರು ನೆಟ್ಟಗಾದದ್ದು

ಸೊಟ್ಟಗಿದ್ದದ್ದನ್ನೆಲ್ಲ ನೆಟ್ಟಗೆ ಮಾಡಲಿಕ್ಕೇ ತಾವು ಈ ಭೂಮಿಗೆ ಇಳಿದು ಬಂದಿದ್ದೇವೆ ಎಂದು ವಿಜಯಪುರದ ಡ್ರಾಯಿಂಗ್ ಮಾಸ್ತರ ನಂದಕಿಶೋರರು ಗಟ್ಟಿಯಾಗಿ ನಂಬಿದ್ದರು. ಯಾರ ಮನೆಗೆ ಹೋದರೂ ಚಹಾ ಬರುವುದರೊಳಗೆ ಎದ್ದು ಗೋಡೆಯ ಕ್ಯಾಲೆಂಡರು ಸರಿ ಮಾಡುವರು. ಬ್ಯಾಂಕಿಗೆ ಹೋದರೆ ಮ್ಯಾನೇಜರರ ನಾಮಫಲಕ! ಮಗಳು ಪೂರ್ವಾಳ ಮದುವೆಯಲ್ಲಂತೂ ಅಕ್ಷತೆ ಬೀಳುವ ಹೊತ್ತಿಗೆ ಅಳಿಯನ ಬಾಸಿಂಗ ಸರಿಪಡಿಸಲು ಕೈ ಹಾಕಿ ಭಟ್ಟರಿಂದ ಬೈಸಿಕೊಂಡಿದ್ದರು.

ಇಂಥವರ ಅಂಗಳದಲ್ಲೇ ಒಂದು ಸೊಟ್ಟ ಕಾರು! ಅಜ್ಜಂದಿರ ಕಾಲದ್ದು. ದುಂಡು ದೀಪ, ಉದ್ದ ಮೂಗು, ರಾಜಗಾಂಭೀರ್ಯ. ಆದರೆ ಅದನ್ನು ಮಾರಿದ ತಿಕೋಟಾದ ವ್ಯಾಪಾರಿ ಒಣದ್ರಾಕ್ಷಿ ಪೆಟ್ಟಿಗೆ ಹೇರಲೆಂದು ಹಿಂದಿನ ಗಾಲಿಗಳಿಗೆ ಭಾರ ತಡೆಯುವ ಸ್ಪ್ರಿಂಗಿನ ಕಮಾನುಪಟ್ಟಿಗಳನ್ನು ಹೆಚ್ಚಿಗೆ ಕೂಡಿಸಿದ್ದ. ಹೀಗಾಗಿ ಖಾಲಿ ನಿಂತಾಗ ಹಿಂಭಾಗ ಮೇಲೆದ್ದು, ಮೂಗು ಕೆಳಗಾಗಿ, ಹೊಂಡಕ್ಕೆ ಬಾಯಿ ಹಾಕಿದ ಎಮ್ಮೆಯಂತೆ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಮಾಸ್ತರರು ಅದನ್ನು ನೋಡಲಾರದೆ ಮುಖ ತಿರುಗಿಸಿಕೊಂಡೇ ಅಂಗಳ ದಾಟುವರು.

ಈಗ ತಡೆಯುವ ಹಾಗಿರಲಿಲ್ಲ. ಪೂರ್ವಾ ಮೊದಲ ಸಲ ಬುತ್ತಿ ತೆಗೆದುಕೊಂಡು ತಿಕೋಟಾದ ಗಂಡನ ಮನೆಗೆ ಹೊರಟಿದ್ದಳು. ತವರಿನ ಬುತ್ತಿ ಎಂದರೆ ಸಣ್ಣ ಮಾತೇ? ಅತ್ತೆಯಾದವಳು ಅದನ್ನು ತನ್ನ ಕೈಯಾರೆ ಓಣಿಯ ಮನೆಮನೆಗೂ ಬೀರಬೇಕು, ಓಣಿಯವರು ತಿಂದು ತೂಗಿ ನೋಡಬೇಕು. ಮಗಳ ಮಾನವೆಲ್ಲ ಆ ಬುಟ್ಟಿಗಳಲ್ಲಿ. ಮಾಸ್ತರರ ಹೆಂಡತಿ ಪ್ರಾಚಿ ಬಬಲೇಶ್ವರದಿಂದ ಅಕ್ಕತಂಗಿಯರನ್ನು ಕರೆಸಿ ಉಂಡಿ, ಕರ್ಚಿಕಾಯಿ, ಚಕ್ಕಲಿ, ಶೇಂಗಾ ಹೋಳಿಗೆಗಳ ಗುಡ್ಡವನ್ನೇ ಎಬ್ಬಿಸಿದ್ದಳು.

"ಬುತ್ತಿ ಒಂದು ಟೆಂಪೋದಾಗ ಕಳಸೂಣ್ರಿ," ಎಂದಳು ಪ್ರಾಚಿ.

"ಟೆಂಪೋ? ನನ್ನ ಮಗಳ ಬುತ್ತಿ? ನನ್ನ ಕಾರಿನ್ಯಾಗ ಹೋಗತೈತಿ! ಆದ್ರ ಹಿಂಗ ಹಿಂದ ಎತ್ತಿಕೊಂಡಲ್ಲ. ಬೀಗರ ಓಣ್ಯಾಗ ಸ್ಕೇಲ್ ಇಟ್ಟು ಗೆರಿ ಹೊಡದಂಗ ನಿಂದರಬೇಕು!"

"ಗೆರಿ ಯಾರ ನೋಡ್ತಾರ್ರಿ? ಮಂದಿ ಉಂಡಿ ನೋಡ್ತಾರ."

"ಕಣ್ಣಿದ್ದವರು ನೋಡ್ತಾರ!" ಎಂದು ಮಾಸ್ತರರು ಕಾರು ಹತ್ತಿ ಪೀರಸಾಬನ ಗ್ಯಾರೇಜಿಗೆ ಹೊರಟೇಬಿಟ್ಟರು.

ಪೀರಸಾಬ ಹಳೆಯ ಗೆಳೆಯ, ಹುರುಪಿನ ಮನುಷ್ಯ. ಅವನು ಒಂದು ಪಟ್ಟಿ ಬಿಚ್ಚುವುದು, ಮಾಸ್ತರರು ರಸ್ತೆಯಾಚೆ ಓಡಿ ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಅಡ್ಡ ಹಿಡಿದು ನೋಡುವುದು.

"ಇನ್ನೊಂದು ತಗೀ!"

ಅವನು ತೆಗೆಯುವನು. ಇವರು ಮತ್ತೆ ರಸ್ತೆ ದಾಟುವರು. ಎರಡು ಸಲ ರಿಕ್ಷಾದವರು ಬೈದರು.

"ಮಾಸ್ತರ, ಕೂದಲೆಳಿಯಷ್ಟು ಉಳದೈತ್ರಿ. ಕೈ ಪಳಗೈತಿ, ಅದನ್ನೂ ತಗದ ಬಿಡ್ಲೇನು?"

"ತಗೀ, ತಗೀ! ಅರ್ಧಕ್ಕ ಬಿಟ್ಟ ಚಿತ್ರಕ್ಕ ಯಾರು ಮಾರ್ಕ್ಸ್ ಕೊಡ್ತಾರ?"

ಕೊನೆಗೆ ಕಾರು ನೆಟ್ಟಗೆ ನಿಂತಿತು. ಆಹಾ, ಏನು ಗೆರೆ! ಇಬ್ಬರೂ ಚಹಾ ಹೀರುತ್ತ ಬಹಳ ಹೊತ್ತು ಕಣ್ತುಂಬ ನೋಡಿದರು. ಕಾರು ಖಾಲಿ ಇದೆ ಎಂಬ ಮಾತು ಆ ಇಬ್ಬರು ಕಲಾವಿದರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬುಟ್ಟಿಗಳು ಡಿಕ್ಕಿಗೆ ಏರಿದವು. ಡಿಕ್ಕಿ ತುಂಬಿ ಹಿಂದಿನ ಸೀಟಿಗೂ ಬಂದವು. ಮೇಲೆ ಪ್ರಾಚಿ, ಪೂರ್ವಾ. ಕಾರು ಒಮ್ಮೆ ನಿಟ್ಟುಸಿರಿಟ್ಟು ಹಿಂದೆ ಕುಸಿದು ಕೂತಿತು. ಮೂಗು ಆಕಾಶಕ್ಕೆ!

"ಇದೇನ್ರಿ? ನಿನ್ನಿ ತನಕ ನೆಲ ನೋಡ್ತಿತ್ತು, ಇವತ್ತ ಮುಗಿಲ ನೋಡಾಕತ್ತೈತಿ!" ಎಂದಳು ಪ್ರಾಚಿ.

"ಸುಮ್ಮ ಕೂಡು. ಓಡಾಕತ್ತಿದ್ರ ಸರಿ ಆಗತೈತಿ. ರಾಹುಕಾಲ ಬರೂದ್ರಾಗ ಮುಟ್ಟಬೇಕು!"

ಊರ ಹೊರಗಿನ ಮೊದಲ ಸ್ಪೀಡ್ ಬ್ರೇಕರ್. ಧಡಲ್! ಮುಂದಿನ ಗಾಲಿಗಳು ದಾಟಿದವು. ಕಾರಿನ ಹೊಟ್ಟೆ ಅಲ್ಲೇ ಕೂತುಬಿಟ್ಟಿತು. ಹೆಂಗಸರು ಇಳಿದರೂ ಅಲುಗಾಡಲಿಲ್ಲ. ಚಹಾದಂಗಡಿಯ ಮಂದಿ ಬಂದು ಹಿಂಭಾಗ ಎತ್ತಿ ಆಚೆ ಇಟ್ಟರು. ಪ್ರಾಚಿ ಬುಟ್ಟಿ ಬಿಚ್ಚಿ ಒಬ್ಬೊಬ್ಬರಿಗೂ ಉಂಡಿ ಕೊಟ್ಟಳು. ಮಗಳು ಗಂಡನ ಮನೆಗೆ ಹೊರಟಾಗ ಕೈ ಹಚ್ಚಿದವರನ್ನು ಬರಿಗೈಯಲ್ಲಿ ಕಳಿಸಲಾದೀತೇ?

ಆದರೆ ಆ ರಸ್ತೆಗೆ ಸ್ಪೀಡ್ ಬ್ರೇಕರಿನ ಬರವೇನೂ ಇರಲಿಲ್ಲ! ತೊರವಿ ದಾಟುವುದರೊಳಗೆ ಉಂಡಿಯ ಜೊತೆ ಚಕ್ಕಲಿಯೂ ಹೊರಬಂತು. ಮಾಸ್ತರರು ಒಮ್ಮೆ ಇಳಿದು ಪಕ್ಕದಿಂದ ನೋಡಿದರು. ಅವರ ಮುಖ ಅರಳಿತು.

"ಪ್ರಾಚೀ! ಬುಟ್ಟಿ ಹಗರ ಆದಂಗ ಗಾಡಿ ಮ್ಯಾಲ ಏಳಾಕತ್ತೈತಿ!"

"ಏಳಲಾರದೇನ್ರಿ? ಬುತ್ತಿ ಇಳ್ಯಾಕತ್ತೈತಿ!"

ಮುಂದಿನದು ಸ್ಪೀಡ್ ಬ್ರೇಕರ್ ಅಲ್ಲ, ಗುಡ್ಡ! ಅದರ ನೆತ್ತಿಯ ಮೇಲೆ ಕಾರು ಕೂತಾಗ ಹಿಂದೆ ತಿಕೋಟಾ ಬಸ್ಸು ಬಂದು ಒಂದೇ ಸಮನೆ ಹಾರ್ನ್ ಹಾಕತೊಡಗಿತು.

"ಗಾಡಿ ಸರಸ್ರಿ! ಇಲ್ಲೇ ಸಂಸಾರ ಹೂಡೀರೇನು?" ಎಂದು ಕಂಡಕ್ಟರ್ ಕೂಗಿದ.

ಪ್ರಾಚಿಗೆ ಹೊಳೆಯಿತು. "ರೀ, ಈ ಬಸ್ಸೂ ತಿಕೋಟಾಕ್ಕ ಹೊಂಟೈತಿ. ಉಳದ ಬುತ್ತಿ ಅದರಾಗ ಹಾಕ್ರಿ, ಕೈ ಮುಗೀತೇನಿ!"

"ಕಾರಿನ್ಯಾಗ ಹೊಂಟ ಬುತ್ತಿ ಬಸ್ಸಿನ್ಯಾಗ ಇಳದ್ರ ಬೀಗರ ಮುಂದ ನಾ ಮಾರಿ ಹ್ಯಾಂಗ ತೋರಸ್ಲಿ?" ಎಂದರು ಮಾಸ್ತರರು.

ಬಸ್ಸಿನ ಮಂದಿಯೆಲ್ಲ ಇಳಿದು ಬಂದರು. ಹೋ ಎಂದು ಎತ್ತಿದರು, ಕಾರು ದಾಟಿತು! ಮಾಸ್ತರರ ಉತ್ಸಾಹಕ್ಕೆ ಈಗ ಮಿತಿಯಿಲ್ಲ. ಬುಟ್ಟಿಯೊಳಗೆ ಎರಡೂ ಕೈ ಹಾಕಿ ಹಂಚಿದ್ದೇ ಹಂಚಿದ್ದು. ಮುದುಕರಿಗೆ ಹೋಳಿಗೆ, ಹೆಂಗಸರ ಉಡಿಗೆ ಕರ್ಚಿಕಾಯಿ, ಕಂಡಕ್ಟರನಿಗೆ ಎರಡೂ. "ತಗೋರಿ, ಇನ್ನೊಂದು ತಗೋರಿ! ಸಂಕೋಚ ಬ್ಯಾಡ!" ಎನ್ನುತ್ತ, ನಡುನಡುವೆ ಕಣ್ಣು ಕಿರಿದು ಮಾಡಿ ಕಾರಿನ ಗೆರೆ ನೋಡುವರು. ಬಸ್ಸು ಬಾಯಿ ಚಪ್ಪರಿಸುತ್ತ ಮುಂದೆ ಹೋಯಿತು.

ಆಮೇಲೆ ಕಾರು ಒಂದು ಕಡೆಯೂ ತಾಗದೆ ಓಡಿತು. ಮಾಸ್ತರರು ಸಿಳ್ಳೆ ಹಾಕುತ್ತಿದ್ದರು. ತಿಕೋಟಾ ಕಂಡಾಗ ಹಿಂದಿನಿಂದ ಪೂರ್ವಾ ಸಣ್ಣ ದನಿಯಲ್ಲಿ ಹೇಳಿದಳು:

"ಅಪ್ಪಾ, ಬುಟ್ಟ್ಯಾಗ ಏನೂ ಇಲ್ಲ."

ಮಾಸ್ತರರು ಗಕ್ಕನೆ ಕಾರು ನಿಲ್ಲಿಸಿ ಡಿಕ್ಕಿ ತೆರೆದರು. ಮೊದಲ ಬುಟ್ಟಿ ಖಾಲಿ. ಎರಡನೆಯದೂ ಖಾಲಿ. ಉಳಿದವುಗಳಲ್ಲಿ ಚಕ್ಕಲಿಯ ಚೂರು. ಪೂರ್ವಾಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಅವರು ರಸ್ತೆಯಂಚಿನಲ್ಲೇ ಕುಸಿದು ಕೂತರು. ಮಗಳನ್ನು ಬರಿಗೈಯಲ್ಲಿ ಗಂಡನ ಮನೆಗೆ ತಂದ ತಂದೆ! ಆ ಗಳಿಗೆಯಲ್ಲಿ ಅವರಿಗೆ ಕಾರೂ ಬೇಡವಾಯಿತು, ಗೆರೆಯೂ ಬೇಡವಾಯಿತು.

ಓಣಿಯಲ್ಲಿ ಬಾಗಿಲು ಬಾಗಿಲಿಗೂ ಮಂದಿ ನಿಂತಿದ್ದರು. ಕಾರು ಸ್ಕೇಲ್ ಇಟ್ಟು ಎಳೆದಂತೆ ಬಂದು ನಿಂತಿತು. ಪೂರ್ವಾಳ ಅತ್ತೆ ಸಖೂಬಾಯಿ ಆರತಿ ಎತ್ತಿ ಸೊಸೆಯನ್ನು ಒಳಗೆ ಕರೆದುಕೊಂಡರು. ಮಾಸ್ತರರು ಖಾಲಿ ಬುಟ್ಟಿಯೊಂದನ್ನು ಎದೆಗವಚಿಕೊಂಡು ತಲೆ ತಗ್ಗಿಸಿದರು.

"ಬೀಗಿತೇರ, ತಪ್ಪು ನಂದ್ರಿ. ದಾರ್ಯಾಗ ಗಾಡಿ ಎತ್ತಿದವರಿಗೆ ಕೊಟ್ಟು ಕೊಟ್ಟು..."

"ಎಲ್ಲಾ ಗೊತ್ತಾಗೇತ್ರಿ," ಎಂದರು ಸಖೂಬಾಯಿ. "ಬಸ್ಸು ನಿಮಗಿಂತ ಮುಂಚೇನ ಬಂತು. ಅದರಾಗ ಇದ್ದವರು ನಮ್ಮ ಓಣಿ ಮಂದೀನ್ರಿ, ವಿಜಯಪುರದ ಸಂತಿಗೆ ಹೋಗಿದ್ರು. ತಿಂದು, ಮನಿಯವರಿಗೂ ಕೊಟ್ಟು, ಒಬ್ಬೊಬ್ರ ಬಂದು ಹೇಳಿ ಹೋಗ್ಯಾರ. ಬೀಗರ ಕೈ ಭಾಳ ದೊಡ್ಡದಂತ. ಕರ್ಚಿಕಾಯಿ ಬಾಯಾಗ ಇಟ್ರ ಕರಗತಾವಂತ."

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಮಾನ ಉಳಿಯಿತು! ಎದೆ ಉಬ್ಬಿಸಿ ಕೇಳಿದರು:

"ಹಂಗಾದ್ರ ಬುತ್ತಿ ಛಲೋ ಆಗಿತ್ತನ್ರಿ!"

ಸಖೂಬಾಯಿ ಅವರ ಕೈಯಿಂದ ಬುಟ್ಟಿ ತೆಗೆದುಕೊಂಡು, ಓಣಿಯೆಲ್ಲ ನೋಡುವಂತೆ ಬೋರಲು ಹಾಕಿ ಕೊಡವಿದರು.

"ನನಗೇನ ಗೊತ್ರಿ ಬೀಗರ? ಈ ಓಣ್ಯಾಗ ತಿನ್ನದಾಕಿ ನಾ ಒಬ್ಬಾಕಿನ!"