ಮಾವನ ಮುಖದಲ್ಲಿ ಅಜ್ಜ

ಬದುಕಿರುವಾಗಲೇ ತಮ್ಮ ಫೋಟೋಕ್ಕೆ ತಾವೇ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಆಮೇಲೆ ಅದರ ಮುಂದೆಯೇ ಕುಳಿತು ಎರಡು ತಟ್ಟೆ ಉಪ್ಪಿಟ್ಟು ತಿಂದವರು ಇಡೀ ಪುಣೆಯಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ. ಹುಚ್ಚು ಹಿಡಿದಿತ್ತೇ ಎಂದು ಕೇಳಬೇಡಿ. ಹಿಡಿದದ್ದು ಕ್ಯಾಮೆರಾ. ಲಕ್ಷಣಗಳು ಮಾತ್ರ ಹೆಚ್ಚುಕಡಿಮೆ ಒಂದೇ!

ಇದಕ್ಕೆಲ್ಲ ಕಾರಣ ನಮ್ಮ ಅವ್ವ. ಪುಣೆಯ ಒಂದು ತುದಿ ಖರಾಡಿಯಲ್ಲಿ ನನ್ನ ಜೊತೆಗಿರುವ ಅವ್ವನಿಗೆ ಎಪ್ಪತ್ತೆಂಟು, ಇನ್ನೊಂದು ತುದಿ ಕಾತ್ರಜದಲ್ಲಿರುವ ಅವಳ ತಮ್ಮನಿಗೆ ಎಪ್ಪತ್ತು. ಅವರ ಅಪ್ಪ, ಅಂದರೆ ನನ್ನ ಅಜ್ಜ, ನಲವತ್ತು ತುಂಬುವ ಮೊದಲೇ, ಒಂದೇ ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ತೀರಿಕೊಂಡವನು. ಅವನನ್ನು ಕಂಡು ನೆನಪಿಟ್ಟುಕೊಂಡವರಲ್ಲಿ ಈಗ ಉಳಿದವಳು ಅವ್ವ ಒಬ್ಬಳೇ. ಪಿತೃಪಕ್ಷದ ಊಟಕ್ಕೆ ಮಾವ ಬಂದಾಗ ಅವಳು ಬಡಿಸುತ್ತಲೇ ಹೇಳಿದಳು:

“ಅಪ್ಪನ ಮೂಗು ನೆನಪದ, ಮೀಸಿ ನೆನಪದ. ಎರಡೂ ಕೂಡಿಸಿದ್ರ ಮುಖ ಆಗವಲ್ದೋ ತಮ್ಮಾ. ಪೂರ್ತಿ ಮರತೇ ಹೋಗತದೇನೋ ಅಂತ ಅಂಜಿಕಿ ಆಗೇದ.”

ಮಾವ ಕೈಯಲ್ಲಿದ್ದ ವಡೆಯನ್ನು ಎಲೆಯ ಮೇಲಿಟ್ಟರು. ಅವರದು ಥೇಟ್ ಅಪ್ಪನ ಮುಖವೆಂದು ಊರಿನ ಹಿರಿಯರೆಲ್ಲ ಹೇಳುತ್ತಿದ್ದರಂತೆ. “ಅದರಾಗೇನದ ಅಕ್ಕಾ? ಮುಖ ನನ್ನ ಕಡೇನೇ ಅದ. ನಾನೇ ಫೋಟೋ ತಗದು ಕೊಡ್ತೀನಿ. ನೀ ನೋಡಿ ಪಾಸ್ ಮಾಡು,” ಎಂದು ಮತ್ತೆ ವಡೆ ಎತ್ತಿಕೊಂಡರು.

ಮಾವ ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಶಿಫ್ಟ್ ಇನ್‌ಚಾರ್ಜ್ ಆಗಿದ್ದವರು. ಅಂಥವರ ಕೈಗೆ ಹಳೆಯ ಡಿಜಿಟಲ್ ಕ್ಯಾಮೆರಾ ಒಂದು ಬಂದರೆ ಮೊದಲು ಹುಟ್ಟುವುದೇನು? ಫೋಟೋ ಅಲ್ಲ, ಲಾಗ್‌ಬುಕ್! ‘ಬ್ಯಾಚ್ ಒಂದು: ತಲೆ ಇಲ್ಲ. ರಿಜೆಕ್ಟ್. ಬ್ಯಾಚ್ ಎರಡು: ತಲೆ ಇದೆ, ಕಣ್ಣು ಮುಚ್ಚಿದೆ. ರಿಜೆಕ್ಟ್. ಬ್ಯಾಚ್ ಮೂರು: ತಲೆ, ಕಣ್ಣು ಸರಿ. ಗೋಡೆಯ ಗಡಿಯಾರ ಕಿವಿಯೊಳಗಿಂದ ಬಂದಂತಿದೆ. ಗಡಿಯಾರ ಇಳಿಸುವುದು.’ ಪ್ರತಿ ಪುಟದ ಕೆಳಗೆ ಸಹಿ ಬೇರೆ.

ಟೈಮರ್ ಒತ್ತಿದ ಮೇಲೆ ಕುರ್ಚಿ ಸೇರಲು ಹತ್ತು ಸೆಕೆಂಡು. ಮೊಣಕಾಲು ನೋವಿನ ಮಾವ ಸೇರುತ್ತಿದ್ದದ್ದು ಹನ್ನೆರಡಕ್ಕೆ. ಹೀಗಾಗಿ ಮೊದಲ ವಾರದ ಬಹುಪಾಲು ಫೋಟೋಗಳಲ್ಲಿದ್ದದ್ದು ಅವರ ಬೆನ್ನು. ಅವನ್ನೂ ಬಿಡದೆ ನನ್ನ ಮೊಬೈಲಿಗೆ ಕಳಿಸಿದರು. ಅವ್ವ ಕನ್ನಡಕ ಏರಿಸಿ ನೋಡಿ, “ಬೆನ್ನೇನೋ ಅಪ್ಪಂದೇ,” ಎಂದು ಒಪ್ಪಿದಳು. ಮಾವ ‘ಬೆನ್ನು: ಪಾಸ್’ ಎಂದು ಬರೆದುಕೊಂಡರು.

ಕುರ್ಚಿ ಹತ್ತಿರ ಎಳೆದುಕೊಂಡ ಮೇಲೆ ಮುಖವೂ ಬಂತು, ಆದರೆ ಮಂಜುಮಂಜಾಗಿ. ಖಾಲಿ ಕುರ್ಚಿಗೆ ಫೋಕಸ್ ಮಾಡಿದರೆ ಕ್ಯಾಮೆರಾ ಹಿಂದಿನ ಗೋಡೆಯನ್ನು ನೋಡುತ್ತದಂತೆ. ಅಲ್ಲಿ ಯಾರಾದರೂ ಕೂತಿರಬೇಕಂತೆ. ಅತ್ತೆಯನ್ನು ಕೂರಿಸಬಹುದಿತ್ತಲ್ಲ?

“ಆಕಿ ಮಾತಾಡ್ತಾಳ. ಫೋಕಸ್ ಅಲುಗಾಡತದ,” ಎಂದರು ಮಾವ.

ಕುರ್ಚಿಯ ಮೇಲೆ ಬಕೆಟ್ ಇಟ್ಟು, ಅದರಲ್ಲಿ ಕಸಬರಿಗೆ ನಿಲ್ಲಿಸಿ, ಅದಕ್ಕೆ ಅಜ್ಜ ಸುತ್ತುತ್ತಿದ್ದಂಥ ರುಮಾಲು ಸುತ್ತಿದರು. ಪರೀಕ್ಷೆಗೆಂದು ತೆಗೆದ ಆ ಫೋಟೋ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಅತ್ತೆ ಗಂಡನಿಗೆ ತೋರಿಸಿ, “ಕಸಬರಿಗಿ ಭಾಳ ಛಂದ ಬಂದದ ನೋಡ್ರಿ. ನಿಮಗಿಂತಾ ಗಂಭೀರ ಅದ,” ಎಂದರು.

ಇನ್ನು ವಯಸ್ಸಿನದೊಂದು ತೊಡಕು. ನಲವತ್ತು ತುಂಬದ ಅಪ್ಪನನ್ನು ಎಪ್ಪತ್ತರ ಮಗ ಎಲ್ಲಿಂದ ತರಬೇಕು? ಮಾವ ತಲೆಗೆ, ಮೀಸೆಗೆ ಕಪ್ಪು ಬಳಿದರು. ಸ್ವಲ್ಪ ಕಿವಿಗೂ ಹತ್ತಿತು. ರುಮಾಲು ಸುತ್ತಿ, ಉಸಿರು ಬಿಗಿಹಿಡಿದು ತೆಗೆದ ತೊಂಬತ್ತೊಂದನೆಯ ಬ್ಯಾಚನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬಾಗಿಲೆದುರು ತೂಗುಹಾಕಿದರು. ಅಪ್ಪನ ಫೋಟೋ ಎಂದ ಮೇಲೆ ಹಾರ ಬೇಡವೇ? ಹಾರ ಬಂತು. ಊದಿನಕಡ್ಡಿಯೂ ಬಂತು.

ಕೊತ್ತಂಬರಿ ಕೇಳಲು ಬಂದ ಪಕ್ಕದ ಮನೆಯ ಮರಾಠಿ ಕಾಕು, ಅಂದರೆ ಚಿಕ್ಕಮ್ಮ, ಹೊಸ್ತಿಲಲ್ಲೇ ನಿಂತು ಕಣ್ಣಿಗೆ ಸೆರಗು ಒತ್ತಿಕೊಂಡು, “ಅಗ ಬಾಈ! ಕಧೀ ಗೇಲೇ?” ಎಂದರು. ಯಾವಾಗ ಹೋದರು ಎಂದು! ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಗಿಂದ ಬಂದ ಮಾವ, “ಕುಠಂ? ಮೀ ತರ್ ಘರೀಚ್ ಆಹೇ,” ಎಂದರು. ಎಲ್ಲಿಗೂ ಹೋಗಿಲ್ಲ, ಮನೆಯಲ್ಲೇ ಇದ್ದೇನೆ ಎಂದು ಅವರು ಹೇಳಿದ್ದು ನಿಜವೇ. ಆದರೆ ಕಾಕುವಿಗೆ ಮೂರು ಲೋಟ ನೀರು ಬೇಕಾಯಿತು.

ಅವ್ವ ಮಾತ್ರ ಆ ಫೋಟೋ ನೋಡಿ ತಲೆ ಅಲ್ಲಾಡಿಸಿದಳು. “ಇದು ನೀನು. ಮಸಿ ಹಚ್ಕೊಂಡು ಕೂತೀದಿ.”

ಅಂದು ಸಂಜೆ ಮಾವ ನನಗೆ ಫೋನ್ ಮಾಡಿದರು. ದನಿಯಲ್ಲಿ ಇನ್‌ಚಾರ್ಜ್ ಇರಲಿಲ್ಲ. “ಹೋದ ವಾರ ಅಪ್ಪನ ಮೂಗು ಉದ್ದ ಅಂದ್ಲು. ಇವತ್ತ ಗಿಡ್ಡ ಅಂದ್ಲು. ಅಕ್ಕ ಮರತ್ಲಂದ್ರ ಅಪ್ಪ ಇದ್ದ ಅನ್ನೂದಕ್ಕ ಸಾಕ್ಷಿ ಮತ್ತ ಯಾರದಾರೋ?” ಎಂದರು. ಅಲ್ಲಿಯವರೆಗೆ ನಗುತ್ತಲೇ ಇದ್ದ ನಾನು ಅವರು ಕಳಿಸಿದ ಫೋಟೋಗಳನ್ನೆಲ್ಲ ಮತ್ತೆ ಮೊದಲಿಂದ ನೋಡಿದೆ.

ಮುಂದಿನ ಭಾನುವಾರ ಎರಡು ಬಸ್ಸು ಬದಲಿಸಿ ಕ್ಯಾಮೆರಾ ಹೊತ್ತು ನಮ್ಮ ಮನೆಗೇ ಬಂದರು. ಬಣ್ಣ ತೊಳೆದುಹೋಗಿತ್ತು, ರುಮಾಲು ತಂದಿರಲಿಲ್ಲ. ಕಿಟಕಿಯ ಪಕ್ಕದ ಬೆಳಕಿನಲ್ಲಿ ಕುರ್ಚಿ ಹಾಕಿ, ಟೈಮರ್ ಒತ್ತಿ, ಹೋಗಿ ಕೂತು, ನೋಯುವ ಮೊಣಕಾಲು ಒತ್ತಿಕೊಳ್ಳತೊಡಗಿದರು. ಕ್ಯಾಮೆರಾದ ಹಿಂದೆ ನಿಂತಿದ್ದ ಅವ್ವ, “ಏ, ಇಲ್ಲಿ ನೋಡು!” ಎಂದು ಗದರಿದಳು. ಮಾವ ತಲೆಯೆತ್ತಿ ಅಕ್ಕನನ್ನು ನೋಡಿದ್ದೂ ಕ್ಲಿಕ್ ಆದದ್ದೂ ಒಟ್ಟಿಗೇ.

ಅವ್ವ ಆ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದಳು.

“ಅಪ್ಪಗ ಇಷ್ಟು ವಯಸ್ಸು ಸಿಗಲಿಲ್ಲ. ಇದ್ದಿದ್ರ ಹಿಂಗ ಆಗ್ತಿದ್ದ,” ಎಂದಳು. “ನಾ ಕರದ್ರ ಹಿಂಗೇ ನೋಡಾಂವ. ಇವನೇ ನೋಡೋ, ಅಪ್ಪ.”

ಮಾವ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಅಕ್ಕಾ, ನಾ ಅವನ್ನ ಏನಂತ ಕರೀತಿದ್ದೆ? ಅಪ್ಪಾ ಅಂತಿದ್ನೋ, ಅಣ್ಣಾ ಅಂತಿದ್ನೋ?”

“ನಿನಗಿನ್ನೂ ಮಾತೇ ಬಂದಿದ್ದಿಲ್ಲೋ,” ಎಂದಳು ಅವ್ವ. ಪರದೆಯತ್ತ ಬೆರಳು ತೋರಿಸಿ, “ಈಗ ಕರಿ,” ಎಂದಳು.

ಎಪ್ಪತ್ತರ ನನ್ನ ಮಾವ ತಮ್ಮದೇ ಫೋಟೋದತ್ತ ಬಾಗಿ, ಹೆದರಿ ಹೆದರಿ, “ಅಪ್ಪಾ” ಎಂದರು.